ದೂಡಿದ ಕೈಗೂ ಹಿಡಿದ ಕೈಗೂ ಒಂದೇ ಕಲಂ

ಹೈದರಾಬಾದಿನ ಕೋಠಿಯಲ್ಲಿ ಬಸ್ಸಿಳಿದು ಸುಲ್ತಾನ್ ಬಜಾರಿನೊಳಗೆ ನುಗ್ಗುವವರಿಗೆ ಸೀರೆ, ಬಳೆ, ಸ್ಟೀಲ್ ಪಾತ್ರೆಗಳ ನೂಕುನುಗ್ಗಲಿನಲ್ಲಿ ಆ ಜಾಗದ ಹಳೆಯ ಹೆಸರು ನೆನಪಾಗುವ ಸಂಭವ ಕಡಿಮೆ. 1933ರವರೆಗೆ ಅದು ರೆಸಿಡೆನ್ಸಿ ಬಜಾರ್. ಸುತ್ತ ನಿಜಾಮರ ರಾಜ್ಯ, ನಡುವೆ ಬ್ರಿಟಿಷ್ ರೆಸಿಡೆಂಟನ ಮಾತು ನಡೆಯುತ್ತಿದ್ದ ಒಂದಿಷ್ಟು ಬೀದಿಗಳು. ಬೀದಿ ದಾಟಿದರೆ ಅಧಿಕಾರ ಬದಲಾಗುತ್ತಿತ್ತು.

ಬ್ರಿಟಿಷರ 1860ರ ದಂಡಸಂಹಿತೆಯನ್ನು ಉರ್ದುವಿಗೆ ತಂದವರಲ್ಲಿ ನಜೀರ್ ಅಹ್ಮದ್ ಒಬ್ಬರು. ಮುಂದೆ ಕಾದಂಬರಿಕಾರರಾಗಿ ಹೆಸರಾದ ಅವರು ಕೆಲವು ವರ್ಷ ಹೈದರಾಬಾದ್ ಸಂಸ್ಥಾನದ ನೌಕರಿಯಲ್ಲೂ ಇದ್ದರು. ಇಂಗ್ಲಿಷಿನಲ್ಲಿ ‘ಅಬೆಟ್‌ಮೆಂಟ್’ ಎಂದಿದ್ದ ಅಪರಾಧಕ್ಕೆ ಆ ಉರ್ದು ಸಂಹಿತೆಯಲ್ಲಿ ‘ಇಆನತ್’ ಎಂಬ ಪದವಿದೆ. ಇಆನತ್ ಎಂದರೆ ನೆರವು, ಒತ್ತಾಸೆ. ಕನ್ನಡದ ಕಾನೂನು ಪುಸ್ತಕ ಇದನ್ನೇ ‘ದುಷ್ಪ್ರೇರಣೆ’ ಎನ್ನುತ್ತದೆ, ಪತ್ರಿಕೆಗಳು ‘ಪ್ರಚೋದನೆ’ ಎನ್ನುತ್ತವೆ. ನಿಜಾಮರ ಕಾಲದ ಕಲಬುರಗಿ, ಬೀದರ್, ರಾಯಚೂರು ಕೋರ್ಟುಗಳಲ್ಲಿ ಬಳಕೆಯಲ್ಲಿದ್ದ ಫಿರ್ಯಾದಿ, ವಕಾಲತ್ತು, ಜಾಮೀನು ಕನ್ನಡದಲ್ಲಿ ಇಂದಿಗೂ ಉಳಿದಿವೆ, ಇಆನತ್ ಮಾತ್ರ ಉಳಿಯಲಿಲ್ಲ. ಹಾಗಾಗಿ ‘ಆತ್ಮಹತ್ಯೆಗೆ ಪ್ರಚೋದನೆ’ ಎಂಬ ತಲೆಬರಹ ಓದಿದ ಕನ್ನಡಿಗನ ಕಣ್ಣಿಗೆ ಕಾಣುವುದು ಕಾಡಿಸಿದವನು, ಹಿಂಸೆ ಕೊಟ್ಟವನು, ಸಾವಿನತ್ತ ದೂಡಿದವನು. ಗುಣವಾಗದ ರೋಗಿ ತಾನೇ ಬೇಡಿಕೊಂಡಾಗ ಕೈ ಹಿಡಿದವನೂ ಅದೇ ಕಲಮಿನಲ್ಲಿದ್ದಾನೆಂದು ತಲೆಬರಹ ಹೇಳುವುದಿಲ್ಲ.

ಇದು ಬರೀ ಅನುವಾದದ ತಕರಾರಲ್ಲ. ಕಾನೂನಿನ ವ್ಯಾಖ್ಯೆಯಲ್ಲಿ ದುಷ್ಪ್ರೇರಣೆಗೆ ಮೂರು ದಾರಿಗಳಿವೆ: ಪ್ರಚೋದಿಸುವುದು, ಒಳಸಂಚು ಮಾಡುವುದು, ಬೇಕೆಂದೇ ನೆರವಾಗುವುದು. ಆತ್ಮಹತ್ಯೆಯ ವಿಷಯದಲ್ಲಿ ಮೂರಕ್ಕೂ ಹತ್ತು ವರ್ಷದವರೆಗೆ ಜೈಲು. ಹಿಂದೆ ಇದು 306ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 108. ಆತ್ಮಹತ್ಯೆಗೆ ಯತ್ನಿಸುವುದನ್ನೇ ಅಪರಾಧವೆನ್ನುತ್ತಿದ್ದ 309ನೇ ಕಲಂ ಹೊಸ ಸಂಹಿತೆಯಲ್ಲಿಲ್ಲ. ಸರ್ಕಾರಿ ನೌಕರನ ಕೆಲಸ ತಡೆಯಲೋ ಅವನಿಂದ ಕೆಲಸ ಮಾಡಿಸಿಕೊಳ್ಳಲೋ ಯತ್ನಿಸಿದರೆ ಮಾತ್ರ ಶಿಕ್ಷೆ. ಅಂದರೆ ಮಾಡುವವನ ಕೃತ್ಯ ಬಹುಪಾಲು ಅಪರಾಧವಲ್ಲ, ಜತೆಗಿದ್ದವನದು ಅಪರಾಧ.

ದೂಡಿದವರನ್ನು ಕೋರ್ಟುಗಳು ಹೇಗೆ ನಡೆಸಿಕೊಂಡಿವೆ? ಜಗಳದಲ್ಲಿ ‘ಹೋಗಿ ಸಾಯಿ’ ಎಂದವನ ಮಾತು ಪ್ರಚೋದನೆಯಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ಸಿಟ್ಟಿನ ಭರದಲ್ಲಿ ಆಡಿದ, ಪರಿಣಾಮ ಬಯಸದ ಮಾತನ್ನು ಪ್ರಚೋದನೆ ಎನ್ನಲಾಗದೆಂದು 2001ರಲ್ಲಿ ಹೇಳಿ, ಒಬ್ಬ ಗಂಡನನ್ನು ಈ ಆರೋಪದಿಂದ ಬಿಡಿಸಿತು (ಕ್ರೌರ್ಯದ ಶಿಕ್ಷೆ ಉಳಿಯಿತು). 2025ರ ಜನವರಿಯಲ್ಲಿ, ಮಧ್ಯಪ್ರದೇಶದ ಸಾಲ ವಸೂಲಿ ಪ್ರಕರಣವೊಂದರಲ್ಲಿ, ಪೊಲೀಸರು ಈ ಕಲಮನ್ನು ಕೈಗೆ ಸಿಕ್ಕಂತೆ ಬಳಸುತ್ತಿದ್ದಾರೆಂದು ಎಚ್ಚರಿಸಿತು. ಇದರಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಬೈದವರನ್ನೆಲ್ಲ ಜೈಲಿಗೆ ಹಾಕುವುದಾದರೆ ಊರಿನಲ್ಲಿ ಯಾರೂ ಉಳಿಯುವುದಿಲ್ಲ. ಆದರೆ ಈ ಅಳತೆಗೋಲಿನ ಫಲ ನೋಡಿ. ಅಪರಾಧ ಸಾಬೀತಾಗಲು ‘ಆತ ಸಾಯಲಿ’ ಎಂಬ ಉದ್ದೇಶ ಬೇಕು. ವರ್ಷಗಟ್ಟಲೆ ಸೊಸೆಯನ್ನು ಹುರಿದು ಮುಕ್ಕಿದವರು, ಬಾಗಿಲಲ್ಲಿ ನಿಂತು ಮಾನ ಕಳೆದ ಸಾಲಗಾರರು ‘ನಮಗೆ ಹಾಗಿರಲಿಲ್ಲ’ ಎಂದು ಹೊರಬರಬಹುದು. ಮದುವೆಯಾದ ಏಳು ವರ್ಷದೊಳಗಿನ ಸಾವಿಗೆ ಕಾನೂನು 1983ರಲ್ಲಿ ಸೇರಿಸಿದ ಪೂರ್ವಗ್ರಹಿಕೆಯೊಂದು ಅಲ್ಲಿ ಒಂದಿಷ್ಟು ತಡೆ. ಉದ್ದೇಶ ಹಗಲಿನಷ್ಟು ಸ್ಪಷ್ಟವಾಗಿರುವುದು ಯಾರದು? ನರಳುವವರ ಮಾತಿಗೆ ಓಗೊಟ್ಟು, ತಿಳಿದೂ ತಿಳಿದೂ ನೆರವಾದವರದು. ಬಲೆ ಹೆಣೆದದ್ದು ಒಬ್ಬರಿಗಾಗಿ, ಅದರ ಕಣ್ಣು ಬಿಗಿಯಾಗಿರುವುದು ಇನ್ನೊಬ್ಬರಿಗೆ.

ನೆರವಿನ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಬಗೆಯೂ ವಿಚಿತ್ರ. 1994ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಪಿ. ರತಿನಂ ಪ್ರಕರಣದಲ್ಲಿ 309ನೇ ಕಲಂ ಅಸಾಂವಿಧಾನಿಕ ಎಂದಿತು. ಬೆನ್ನಿಗೇ ಪಂಜಾಬಿನ ಗ್ಯಾನ್ ಕೌರ್ ಪ್ರಕರಣ ಬಂತು. ಹೆಣ್ಣುಮಗಳೊಬ್ಬಳ ಆತ್ಮಹತ್ಯೆಗೆ ದುಷ್ಪ್ರೇರಣೆ ನೀಡಿದರೆಂದು ಆರು ವರ್ಷದ ಸಜೆಯಾಗಿದ್ದ ದಂಪತಿಯ ವಾದ ಇದು: ಸಾಯುವುದು ಹಕ್ಕಾದರೆ ಹಕ್ಕಿಗೆ ನೆರವಾದದ್ದು ಅಪರಾಧ ಹೇಗೆ? 1996ರ ಮಾರ್ಚ್ 21ರಂದು ಐವರ ಪೀಠ ವಾದವನ್ನು ತಳ್ಳಿತು, ರತಿನಂ ತೀರ್ಪನ್ನೂ ಅಳಿಸಿತು. ಯತ್ನವನ್ನು ಬಿಟ್ಟರೂ ನೆರವನ್ನು ಶಿಕ್ಷಿಸಬಹುದು ಎನ್ನಲು ಇಂಗ್ಲೆಂಡಿನ 1961ರ ಕಾಯಿದೆಯ ಉದಾಹರಣೆಯಿತ್ತು. ಕರುಣೆಯ ಪ್ರಶ್ನೆಯನ್ನು ಈ ದೇಶದಲ್ಲಿ ಕೇಳಿದವರು ಕರುಣೆ ತೋರಿದವರಲ್ಲ. ದೂಡಿದರೆಂಬ ಆರೋಪ ಹೊತ್ತವರು ಹಿಡಿದವರ ಅಂಗಿ ತೊಟ್ಟು ಬಂದಿದ್ದರು. ಅವರಿಗೆ ಕೊಟ್ಟ ಉತ್ತರ ಇಂದಿಗೂ ಎಲ್ಲರಿಗೂ ಉತ್ತರ.

ಆ ಉತ್ತರದ ಬಿಸಿ ಸುಲ್ತಾನ್ ಬಜಾರಿನಿಂದ ಹೆಚ್ಚು ದೂರವಿಲ್ಲದ ಹೈಕೋರ್ಟಿನಲ್ಲಿ ಎಂಟು ವರ್ಷದ ಬಳಿಕ ತಟ್ಟಿತು. ಮೂಸಿಯ ಆಚೆ ದಡದಲ್ಲಿರುವ, ಆಗಿನ್ನೂ ಆಂಧ್ರಪ್ರದೇಶದ್ದಾಗಿದ್ದ ಆ ಹೈಕೋರ್ಟಿಗೆ 2004ರ ಡಿಸೆಂಬರಿನಲ್ಲಿ ಬಂದದ್ದು 25 ವರ್ಷದ ಚೆಸ್ ಆಟಗಾರ ಕೆ. ವೆಂಕಟೇಶ್ ಅವರ ಕೋರಿಕೆ. ಸ್ನಾಯುಗಳನ್ನು ಒಂದೊಂದಾಗಿ ಸೋಲಿಸುವ ಡ್ಯೂಶೆನ್ ಕಾಯಿಲೆ ಅವರಿಗಿತ್ತು. ಅವರು ಕೇಳಿದ್ದು ತಮಗಾಗಿ ಮಾತ್ರವಲ್ಲ. ಸೋಂಕು ಹರಡಿ ಅಂಗಗಳು ಕೆಡುವ ಮೊದಲೇ ತಮ್ಮನ್ನು ಹೋಗಗೊಟ್ಟರೆ ಅವು ಬೇರೆಯವರಿಗೆ ಸಿಗುತ್ತವೆ ಎಂಬುದು ಆಸೆ. ಅರ್ಜಿ ಹಿಡಿದು ಕೋರ್ಟಿಗೆ ಹೋದದ್ದು ತಾಯಿ. ಅಂಗಾಂಗ ಕಸಿಯ 1994ರ ಕಾಯಿದೆ ಮಿದುಳು ಸತ್ತ ಮೇಲಷ್ಟೇ ಅವಕಾಶ ಕೊಡುತ್ತದೆ, ಅದಕ್ಕೂ ಮೊದಲು ಕೈಯಿಟ್ಟ ವೈದ್ಯರಿಗೆ ದಂಡಸಂಹಿತೆ ಕಾದಿದೆ. ಕೋರ್ಟ್ ಒಪ್ಪಲಿಲ್ಲ. ಅದೇ ತಿಂಗಳು ವೆಂಕಟೇಶ್ ತೀರಿಕೊಂಡರು. ದಾನಕ್ಕೆ ಒದಗಿದ್ದು ಕಣ್ಣುಗಳಷ್ಟೇ.

ಆಮೇಲೆ ಕಾನೂನು ಅಲುಗಾಡಿದ್ದು ನಿಜ, ಒಂದು ಬದಿಗೆ ಮಾತ್ರ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ, 1973ರಲ್ಲಿ ಮುಂಬಯಿಯ ಆಸ್ಪತ್ರೆಯಲ್ಲಿ ದಾಳಿಗೊಳಗಾಗಿ 2015ರವರೆಗೆ ಅರಿವಿಲ್ಲದೆ ಮಲಗಿದ್ದ ಆ ನರ್ಸ್, ತಮ್ಮ ಹೆಸರಿನ 2011ರ ತೀರ್ಪಿನ ಮೂಲಕ ‘ನಿಷ್ಕ್ರಿಯ ದಯಾಮರಣ’ ಎಂಬ ಪದವನ್ನು ಮನೆಮನೆಗೆ ತಲುಪಿಸಿದರು. 2018ರಲ್ಲಿ ಐವರ ಪೀಠ ಮುಂಗಡ ಮರಣ-ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು, 2023ರಲ್ಲಿ ಅದರ ಕಗ್ಗಂಟನ್ನು ಸಡಿಲಿಸಿತು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೊಳಿಸುವ ಆದೇಶ ಹೊರಡಿಸಿದಾಗ, ಎರಡು ದಶಕ ಈ ಹಕ್ಕಿಗಾಗಿ ಓಡಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರು ಪತ್ರಿಕೆಗಳಲ್ಲಿ ಬಂತು. ಒಳ್ಳೆಯದೇ. ಆದರೆ ಆದೇಶ ಮುಟ್ಟುವುದು ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವುದನ್ನು, ಆರಂಭಿಸದಿರುವುದನ್ನು. ನಿಲ್ಲಿಸಲು ಯಂತ್ರವೇ ಇಲ್ಲದವರು, ನೋವು ಮಾತ್ರ ಇರುವವರು ಅದರ ಹೊರಗೆ. ವೆಂಟಿಲೇಟರ್ ಹಾಕಿಸಿಕೊಂಡರೆ ಬಿಡುಗಡೆ ಸಿಗಬಹುದು, ಹಾಕಿಸಿಕೊಳ್ಳದೆ ನರಳಿದರೆ ಇಲ್ಲ: ಇದು ನ್ಯಾಯವೋ, ಬಿಲ್ಲಿಂಗ್ ಕೌಂಟರಿನ ನಿಯಮವೋ?

ನೆರವಿಗೆ ಬಾಗಿಲು ತೆರೆದರೆ ಆಸ್ತಿಗಾಗಿ ಕಾದಿರುವ ಮಕ್ಕಳು ಅದರಲ್ಲೇ ನುಗ್ಗುತ್ತಾರೆ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ದಕ್ಷಿಣ ತಮಿಳುನಾಡಿನ ‘ತಲೈಕೂತಲ್’, ಅಂದರೆ ಹಾಸಿಗೆ ಹಿಡಿದ ಹಿರಿಯರನ್ನು ಮನೆಯವರೇ ಕೊನೆಗಾಣಿಸುವ ಪದ್ಧತಿ, ಕಟ್ಟುಕತೆಯಲ್ಲ. ‘ನಾನು ಭಾರ’ ಎಂದು ಮುದುಕಿಯ ಬಾಯಲ್ಲಿ ಹೇಳಿಸುವುದು ಎಷ್ಟು ಸುಲಭ ಎಂಬುದು ಕೂಡುಕುಟುಂಬ ಕಂಡವರಿಗೆಲ್ಲ ಗೊತ್ತು. ಅಂಗವಿಕಲರ ಸಂಘಟನೆಗಳು ಹಲವು ದೇಶಗಳಲ್ಲಿ ಈ ಭಯವನ್ನೇ ಮುಂದಿಡುತ್ತವೆ. ಆದರೆ ಈ ಭಯ ಈಗಿರುವ ಕಲಮಿನ ಪರವಾದ ಸಾಕ್ಷಿಯಲ್ಲ. ಹೀಗೆ ಹೇಳಿಸುವವರನ್ನು, ದಿನವೂ ಒಂದೊಂದು ಮಾತಿನಿಂದ ಸವೆಸುವವರನ್ನು, ಅದು ಹಿಡಿಯುತ್ತಿಲ್ಲ ಎಂಬುದೇ ಮೇಲಿನ ತೀರ್ಪುಗಳ ಕತೆ. ಅವರಿಗೆ ಬೇರೆಯದೇ ಅಪರಾಧ ಬೇಕು: ಒತ್ತಡ, ಬಲವಂತ, ವಂಚನೆ ಎಂದು ಬಿಡಿಸಿ ಬರೆದದ್ದು, ಸಾವನ್ನು ಬಯಸಿದರೆಂದು ಸಾಬೀತು ಮಾಡುವ ಭಾರವಿಲ್ಲದ್ದು. ನೆರವಿಗೆ ಬೇರೆ ಅಳತೆ. ಸ್ವಿಟ್ಜರ್ಲೆಂಡಿನ ದಂಡಸಂಹಿತೆಯ 115ನೇ ಕಲಂ ಸ್ವಾರ್ಥದ ಉದ್ದೇಶದಿಂದ ನೆರವಾದವರನ್ನಷ್ಟೇ ಶಿಕ್ಷಿಸುತ್ತದೆ. ನೆರವನ್ನು ಇಂದಿಗೂ ಅಪರಾಧವೆನ್ನುವ ಇಂಗ್ಲೆಂಡಿನಲ್ಲೂ, ಯಾವಾಗ ಮೊಕದ್ದಮೆ ಹೂಡಬೇಕು, ಯಾವಾಗ ಬೇಡ ಎಂಬ ಲಿಖಿತ ನೀತಿಯನ್ನು ಅಲ್ಲಿನ ಅಭಿಯೋಜಕರು 2010ರಲ್ಲಿ ಪ್ರಕಟಿಸಿದರು. ಸಹಾಯ ಮಾಡಿದವನು ಕರುಣೆಯಿಂದ ಮಾಡಿದನೋ ಎಂದು ಅಲ್ಲಿ ಕೇಳುತ್ತಾರೆ. ಇಲ್ಲಿ ಕೇಳಲು ಕಲಮಿನಲ್ಲಿ ಜಾಗವೇ ಇಲ್ಲ.

2023ರಲ್ಲಿ ಇಡೀ ಸಂಹಿತೆಯನ್ನು ಹೊಸದಾಗಿ ಬರೆಯುವ, ವಸಾಹತಿನ ಗುರುತು ಅಳಿಸುವ ಮಾತು ಸಂಸತ್ತಿನಲ್ಲಿ ಜೋರಾಗಿಯೇ ಕೇಳಿಬಂತು. ದೂಡುವುದನ್ನೂ ಹಿಡಿಯುವುದನ್ನೂ ಬಿಡಿಸಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಹಳೆಯ, ಹೊಸ ಸಂಹಿತೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಕೋಷ್ಟಕಗಳು ಈಗ ವಕೀಲರ ಕೈಗಳಲ್ಲಿವೆ. ಅದರ ಸಾಲಿನಲ್ಲಿ ಎಡಕ್ಕೆ 306, ಬಲಕ್ಕೆ 108. ಶಿಕ್ಷೆ ಅಷ್ಟೇ, ಮಾತೂ ಹೆಚ್ಚುಕಡಿಮೆ ಅದೇ.