ಮನೆವಾರ್ತೆ: ಫೋನಿನೊಳಗೊಂದು ರಿಮೋಟು ಬೇಕೆ?

ತುಮಕೂರಿನಿಂದ ನಮ್ಮ ವಾಚಕ ಸೋದರಿಯೊಬ್ಬರು ಬರೆದ ಕಾಗದವು ಹದಿನೈದು ದಿನಗಳಿಂದ ನಮ್ಮ ಮೇಜಿನ ಮೇಲೆ ಉತ್ತರಕ್ಕಾಗಿ ಕಾದು ಕುಳಿತಿದೆ. ಅವರ ಮನೆಯಲ್ಲಿ ಹೊಸ ಫೋನು ಕೊಳ್ಳುವ ಮಾತು ನಡೆದಿದೆಯಂತೆ. "ಅವಕೆಂಪು ಕಿರಣ ಬಿಡುವ ಫೋನನ್ನೇ ಕೊಳ್ಳೋಣ, ಟಿ.ವಿ.ಗೂ ಫ್ಯಾನಿಗೂ ಏ.ಸಿ.ಗೂ ಅದೊಂದೇ ಸಾಕು, ಈ ರಿಮೋಟುಗಳ ರಾಶಿಯನ್ನೆಲ್ಲ ಎಸೆದುಬಿಡಬಹುದು" ಎಂದು ಮಗನ ವಾದ. "ಫೋನು ಇರುವುದು ಮಾತನಾಡುವುದಕ್ಕೆ; ಅದಕ್ಕೆ ಈ ಚಾಕರಿಯೆಲ್ಲ ಏತಕ್ಕೆ?" ಎಂದು ಯಜಮಾನರ ವಾದ. ಮನೆಯಲ್ಲಿ ವೃದ್ಧರಾದ ಅತ್ತೆಯವರಿದ್ದಾರೆ; ಹಗಲೆಲ್ಲ ಅವರೊಬ್ಬರೇ ಇರುತ್ತಾರೆ. ಇಬ್ಬರಲ್ಲಿ ಯಾರ ಮಾತು ಸರಿ ಎಂದು ಆ ಸೋದರಿಯು ಕೇಳಿದ್ದಾರೆ.

ಈ ವಿಷಯದಲ್ಲಿ ತೀರ್ಪು ಹೇಳುವಷ್ಟು ಪಾಂಡಿತ್ಯ ನಮಗಿಲ್ಲದಿದ್ದರೂ ಅನುಭವವು ಉಂಟು. ಅದನ್ನೇ ಮೊದಲು ಹೇಳುವೆವು.

ಕಳೆದ ಬೇಸಗೆಯಲ್ಲಿ ನಮ್ಮ ಸೋದರತ್ತೆಯವರ ಕೋಣೆಗೆ ಹೊಸ ಮಾದರಿಯ ಫ್ಯಾನೊಂದನ್ನು ಹಾಕಿಸಿದೆವು. ಹಳೆಯ ಫ್ಯಾನು ಸುಮಾರು 75 ವಾಟ್ ವಿದ್ಯುತ್ತನ್ನು ನುಂಗುತ್ತಿದ್ದರೆ, ಈ ಹೊಸ ಜಾತಿಯವು 30 ವಾಟಿನ ಆಸುಪಾಸಿನಲ್ಲಿಯೇ ಅಷ್ಟೇ ಗಾಳಿಯನ್ನು ಕೊಡುತ್ತವೆ. ಆದಕಾರಣ ಲಾಭವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಾಕಲು ಬಂದ ಕೆಲಸದವನು ಗೋಡೆಯ ಮೇಲಿದ್ದ ರೆಗ್ಯುಲೇಟರನ್ನು ಕಿತ್ತು, ಆ ತೂತಿಗೆ ಒಂದು ಬಿಳಿಯ ಮುಚ್ಚಳವನ್ನು ಬಡಿದು ಹೋದನು. ವೇಗವನ್ನು ಹೆಚ್ಚು ಕಡಿಮೆ ಮಾಡಬೇಕಾದರೆ ಇನ್ನು ರಿಮೋಟೊಂದೇ ಗತಿ. ಗೋಡೆಯ ಸ್ವಿಚ್ಚಿನಿಂದ ಆಗತಕ್ಕದ್ದು ಎರಡೇ: ಫ್ಯಾನು ತಿರುಗುವುದು, ಇಲ್ಲವೆ ನಿಲ್ಲುವುದು.

ಮೂರು ವಾರ ಕಳೆಯುವುದರೊಳಗೆ ರಿಮೋಟು ಕಾಣದಾಯಿತು. ಹಾಸಿಗೆಯನ್ನು ಕೊಡವಿದೆವು, ಮಂಚದ ಕೆಳಗೆ ತಡವಿದೆವು, ಕಸದ ಬುಟ್ಟಿಯನ್ನೂ ಬಿಡಲಿಲ್ಲ. ಅತ್ತೆಯವರಿಗೆ ಎಂಭತ್ತನಾಲ್ಕು ವರ್ಷ; ಮೊಣಕಾಲಿನ ನೋವು. ಫ್ಯಾನು ಪೂರ್ಣ ವೇಗದಲ್ಲಿ ತಿರುಗಿದರೆ ಬೆಳಗಿನ ಜಾವದಲ್ಲಿ ಕಾಲು ಮರಗಟ್ಟುತ್ತದೆ. ನಿಲ್ಲಿಸಿದರೆ ಸೆಕೆ ಮತ್ತು ಸೊಳ್ಳೆ. ಎರಡು ರಾತ್ರಿ ಅವರು ಎದ್ದೆದ್ದು ಸ್ವಿಚ್ಚನ್ನು ಹಾಕುವುದು, ತೆಗೆಯುವುದು ಮಾಡಿದರು. ಎಂಭತ್ತು ದಾಟಿದವರು ಕತ್ತಲಲ್ಲಿ ಗೋಡೆ ಹಿಡಿದು ನಡೆಯುವುದೆಂದರೆ ಏನೆಂಬುದನ್ನು ಮನೆಯಲ್ಲಿ ಹಿರಿಯರನ್ನು ಇಟ್ಟುಕೊಂಡವರಿಗೆ ವಿವರಿಸಬೇಕಾಗಿಲ್ಲ.

ಮೂರನೆಯ ದಿನ ನಮ್ಮ ಮಗನು ತನ್ನ ಫೋನನ್ನು ತಂದು ಫ್ಯಾನಿನ ಕಡೆಗೆ ಹಿಡಿದು, ಪಟ್ಟಿಯಲ್ಲಿ ಫ್ಯಾನಿನ ಹೆಸರನ್ನು ಹುಡುಕಿ, ಎರಡು ಮೂರು ಸಲ ಒತ್ತಿದನು. ಫ್ಯಾನು ವಿಧೇಯವಾಗಿ ಮೆಲ್ಲಗಾಯಿತು! ಮನೆಯವರೆಲ್ಲ ಅವನನ್ನು ಕೊಂಡಾಡಿದೆವು. ಅತ್ತೆಯವರು ಮಾತ್ರ, "ಚೆನ್ನಾಯ್ತಪ್ಪ, ನೀನು ಊರಿಗೆ ಹೋದ ಮೇಲೆ?" ಎಂದರು. ಅವನು ಮರುದಿನವೇ ಹುಬ್ಬಳ್ಳಿಗೆ ಕೆಲಸದ ಮೇಲೆ ಹೋಗಬೇಕಾಗಿತ್ತು, ಹೋದನು, ರಿಮೋಟೂ ಅವನ ಜೇಬಿನಲ್ಲಿಯೇ ಹೋಯಿತು. ಆ ಸಂಜೆ ಅತ್ತೆಯವರು ನಮ್ಮನ್ನು ಕರೆದು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಬೀಸಣಿಗೆ ಇದ್ದಾಗ ನನ್ನ ಗಾಳಿ ನನ್ನ ಕೈಯಲ್ಲಿತ್ತು. ಈಗ ಯಾರ ಅಪ್ಪಣೆ ಕೇಳಬೇಕು, ಹೇಳು?"

ಇಷ್ಟು ಪೀಠಿಕೆಯಾದ ಮೇಲೆ, ಈ ಯಂತ್ರದ ಮರ್ಮವನ್ನು ಕೊಂಚ ನೋಡೋಣ. ಅದನ್ನು ತಿಳಿದರೆ ತುಮಕೂರಿನ ತಂದೆ ಮಕ್ಕಳ ವ್ಯಾಜ್ಯವು ಅರ್ಧ ಪರಿಹಾರವಾದಂತೆಯೇ.

ಕಾಮನಬಿಲ್ಲಿನಲ್ಲಿ ಕೆಂಪು ಬಣ್ಣದ ಆಚೆಗೆ ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಅಲ್ಲಿ ಏನೂ ಇಲ್ಲವೆಂದಲ್ಲ. 1800ರಲ್ಲಿ ಇಂಗ್ಲೆಂಡಿನಲ್ಲಿದ್ದ ಖಗೋಳಜ್ಞ ವಿಲಿಯಂ ಹರ್ಷಲ್ ಸೂರ್ಯನ ಬೆಳಕನ್ನು ಪಟ್ಟಕದಲ್ಲಿ ಒಡೆದು, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನು ಇಟ್ಟು ನೋಡುತ್ತಿದ್ದನು. ಕೆಂಪಿನ ಅಂಚನ್ನು ದಾಟಿ, ಬೆಳಕೇ ಇಲ್ಲದ ಸ್ಥಳದಲ್ಲಿ ಇಟ್ಟ ಮಾಪಕವೂ ಏರಿತು. ಕಣ್ಣಿಗೆ ಕಾಣದ ಆ ಬೆಳಕಿಗೆ ಅವಕೆಂಪು ಅಥವಾ ಇನ್‌ಫ್ರಾರೆಡ್ ಎಂದು ಹೆಸರು. ನಮ್ಮ ರಿಮೋಟಿನ ತುದಿಯಲ್ಲಿರುವ ಚಿಕ್ಕ ಗಾಜಿನ ಬೀಜದಂತಹ ದೀಪವು ಬಿಡುವುದು ಇದನ್ನೇ. ಗುಂಡಿಯನ್ನು ಒತ್ತಿದಾಗ ಆ ದೀಪವು ಸುಮ್ಮನೆ ಉರಿಯುವುದಿಲ್ಲ. ಕ್ಷಣಕ್ಕೆ ಸುಮಾರು 38,000 ಸಲದಂತೆ ಮಿಟುಕುತ್ತದೆ. ಆ ಮಿಟುಕನ್ನು ತುಣುಕು ತುಣುಕಾಗಿ ಬಿಟ್ಟು, ಹಿಡಿದು, ಹಳೆಯ ಕಾಲದ ತಂತಿಯ ಕಟ್ಟುಕಟ್ಟಿನಂತೆ ಸಂಕೇತವನ್ನು ಕಳುಹಿಸುತ್ತದೆ. ಬಿಸಿಲು, ದೀಪ ಇವುಗಳಲ್ಲಿಯೂ ಅವಕೆಂಪು ಉಂಟಷ್ಟೆ. ಅವುಗಳ ಗದ್ದಲದಲ್ಲಿ ರಿಮೋಟಿನ ದನಿಯನ್ನು ಗುರುತಿಸುವುದಕ್ಕಾಗಿಯೇ ಈ ಮಿಟುಕಿನ ಉಪಾಯ. ಟಿ.ವಿ.ಯಲ್ಲಿರುವ ಕಣ್ಣು ಆ ತಾಳಕ್ಕೆ ಮಾತ್ರ ಕಿವಿಗೊಡುತ್ತದೆ. (ಕಣ್ಣಿಗೆ ಕಿವಿ ಎಲ್ಲಿಯದು ಎಂದು ವಾಚಕರು ನಗಬಾರದು.)

ಬಹಳ ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಮೊದಲು ಯಂತ್ರದ ಗುರುತು, ಅನಂತರ ಅದನ್ನೇ ತಿರುವುಮುರುವಾಗಿ. ಮೊದಲು ಆಜ್ಞೆ, ಅನಂತರ ಅದೂ ತಿರುವುಮುರುವಾಗಿ. ತಪ್ಪಾಗಿ ಕೇಳಿಸಿಕೊಳ್ಳಬಾರದೆಂದು ಒಂದೇ ಮಾತನ್ನು ಎರಡು ಬಗೆಯಲ್ಲಿ ಹೇಳುವ ಜಾಣತನವಿದು. ಆದರೆ ಎಲ್ಲ ಕಂಪನಿಗಳೂ ಇದೇ ಭಾಷೆಯನ್ನು ಆಡುವುದಿಲ್ಲ. ಒಂದು ಮನೆಯ ಟಿ.ವಿ., ಫ್ಯಾನು, ಏ.ಸಿ., ಕೇಬಲ್ಲಿನ ಪೆಟ್ಟಿಗೆ ಇವು ನಾಲ್ಕು ನಾಲ್ಕು ಭಾಷೆಯವಾದ್ದರಿಂದಲೇ ನಾಲ್ಕು ರಿಮೋಟುಗಳು ನಮ್ಮ ಮೇಜಿನ ಮೇಲೆ ಬಿದ್ದಿರುತ್ತವೆ.

ಮೊದಲಿನ ರಿಮೋಟುಗಳ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಜೆನಿತ್ ಕಂಪನಿಯು 1950ರಲ್ಲಿ ತಂದದ್ದಕ್ಕೆ ತಂತಿಯಿತ್ತು. ಜನರು ಎಡವಿ ಬೀಳುತ್ತಿದ್ದರು. 1955ರಲ್ಲಿ ಯೂಜೀನ್ ಪಾಲಿ ಎಂಬವನು ಕಾಣುವ ಬೆಳಕನ್ನೇ ಬಿಡುವ ಕೈದೀಪದಂತಹ ರಿಮೋಟನ್ನು ಮಾಡಿದನು. ಕಿಟಕಿಯ ಬಿಸಿಲು ಟಿ.ವಿ.ಯ ಮೇಲೆ ಬಿದ್ದರೂ ಕಾರ್ಯಕ್ರಮ ಬದಲಾಗುತ್ತಿತ್ತು. ಮರುವರ್ಷ ಅದೇ ಕಂಪನಿಯ ರಾಬರ್ಟ್ ಆಡ್ಲರ್ ಬ್ಯಾಟರಿಯೇ ಇಲ್ಲದ ರಿಮೋಟನ್ನು ಮಾಡಿದನು. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆಯು ಅಲ್ಯೂಮಿನಿಯಂ ಸರಳನ್ನು ಬಡಿದು, ಮನುಷ್ಯನ ಕಿವಿಗೆ ನಿಲುಕದ ನಾದವನ್ನು ಹೊರಡಿಸುತ್ತಿತ್ತು. 1980ರ ದಶಕದ ಹೊತ್ತಿಗೆ ಅವಕೆಂಪು ಇವೆಲ್ಲವನ್ನೂ ಹಿಂದಕ್ಕೆ ತಳ್ಳಿತು. ನಮ್ಮ ದೇಶಕ್ಕೆ ಬಣ್ಣದ ಟಿ.ವಿ. ಬಂದದ್ದು 1982ರಲ್ಲಿ, ಆದರೂ ಬಹುಕಾಲ ನಮ್ಮ ಮನೆಗಳಲ್ಲಿ ರಿಮೋಟೆಂದರೆ ಮನೆಯ ಕಿರಿಯ ಹುಡುಗನೇ. "ಏಳೋ, ತಿರುಗಿಸೋ" ಎಂದರೆ ಎದ್ದು ಹೋಗಿ ಗುಂಡಿಯನ್ನು ತಿರುಗಿಸತಕ್ಕವನು ಅವನು. ಆ ರಿಮೋಟು ಎಂದೂ ಕಳೆದುಹೋಗುತ್ತಿರಲಿಲ್ಲ. ಊಟದ ಹೊತ್ತಿಗೆ ತಾನಾಗಿಯೇ ಬರುತ್ತಿತ್ತು.

ಇನ್ನು ಫೋನಿನ ಮಾತು. 2013ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4, ಎಚ್‌ಟಿಸಿ ಒನ್ ಮೊದಲಾದ ಹೆಸರುವಾಸಿ ಫೋನುಗಳ ನೆತ್ತಿಯಲ್ಲಿ ಈ ಅವಕೆಂಪು ದೀಪವು ಬಂದಿತು. ಅದೇ ವರ್ಷ ಆಂಡ್ರಾಯ್ಡ್ 4.4 ಅದಕ್ಕೆ ತನ್ನೊಳಗೇ ಸ್ಥಾನವನ್ನು ಕೊಟ್ಟಿತು. ಆದರೆ ಈ ವೈಭವವು ದೀರ್ಘಕಾಲ ನಿಲ್ಲಲಿಲ್ಲ. 2016ರ ಗ್ಯಾಲಕ್ಸಿ ಎಸ್7ರಲ್ಲಿ ಸ್ಯಾಮ್‌ಸಂಗ್ ಅದನ್ನು ಕೈಬಿಟ್ಟಿತು. ಆಪಲ್ಲಿನ ಐಫೋನಿನಲ್ಲಂತೂ ಈ ಬಗೆಯ ರಿಮೋಟು ಎಂದೂ ಇರಲಿಲ್ಲ. ಟಿ.ವಿ.ಗಳು ವೈಫೈಗೆ ಬಂದವು, ಬ್ಲೂಟೂತಿಗೆ ಬಂದವು. ಇನ್ನು ಈ ಹಳೆಯ ಕಿರಣವೇಕೆ ಎಂಬುದು ದೊಡ್ಡ ಕಂಪನಿಗಳ ಎಣಿಕೆಯಾಗಿರಬೇಕು. ಚೀನದ ಶಿಯೋಮಿ ಕಂಪನಿಯಾದರೋ ತನ್ನ ಅನೇಕ ಫೋನುಗಳಲ್ಲಿ, ಅಗ್ಗದ ರೆಡ್ಮಿಗಳಲ್ಲಿ ಸಹ, ಅದನ್ನು ಉಳಿಸಿಕೊಂಡು ಬಂದಿದೆ. ಹೆಚ್ಚು ಬೆಲೆಯ ಫೋನಿನಲ್ಲಿ ಇಲ್ಲದ್ದು ಕಡಿಮೆ ಬೆಲೆಯದರಲ್ಲಿ ದೊರೆಯುವುದು ಲೋಕದಲ್ಲಿ ಅಪರೂಪ. ಆದುದರಿಂದ ಇದನ್ನು ಬರೆದಿಡುತ್ತೇವೆ.

ದೊಡ್ಡ ಕಂಪನಿಗಳ ಎಣಿಕೆಯು ನಮ್ಮ ಮನೆಗಳಿಗೆ ಸರಿಹೊಂದುವುದಿಲ್ಲವೆಂದು ನಮ್ಮ ಅಭಿಪ್ರಾಯ. ಫೋನನ್ನು ಮೂರು ನಾಲ್ಕು ವರ್ಷಕ್ಕೆ ಬದಲಾಯಿಸುವವರೂ ಏ.ಸಿ.ಯನ್ನು ಹತ್ತು ವರ್ಷ ಇಟ್ಟುಕೊಳ್ಳುತ್ತಾರೆ. ಫ್ಯಾನನ್ನು ಅದಕ್ಕಿಂತಲೂ ಹೆಚ್ಚು. ಈ ಸಾಮಾನುಗಳಲ್ಲಿ ಬಹುಪಾಲಿಗೆ ವೈಫೈ ತಿಳಿಯದು. ಅವಕೆಂಪು ಮಾತ್ರವೇ ತಿಳಿಯುವುದು. ಅಲ್ಲದೆ ಅವಕೆಂಪಿಗೆ ಇಂಟರ್ನೆಟ್ಟು ಬೇಡ, ಖಾತೆ ಬೇಡ, ಗುಪ್ತಪದ ಬೇಡ, ಜೋಡಿಸುವ ತೊಡಕೂ ಇಲ್ಲ. ಅದು ಗೋಡೆಯನ್ನು ದಾಟುವುದಿಲ್ಲವಾದ್ದರಿಂದ ಪಕ್ಕದ ಮನೆಯವನು ತನ್ನ ಕೋಣೆಯಲ್ಲಿ ಕುಳಿತು ನಮ್ಮ ಫ್ಯಾನನ್ನು ನಿಲ್ಲಿಸಲಾರನು. ವೈಫೈಯಿಂದ ಆಜ್ಞೆಯನ್ನು ಪಡೆದು ಕೋಣೆಯಲ್ಲಿ ಅವಕೆಂಪನ್ನು ಬೀರುವ ಚಿಕ್ಕ ಡಬ್ಬಿಗಳೂ ಅಂಗಡಿಯಲ್ಲಿ ಸಿಕ್ಕುತ್ತವೆ. ಆದರೆ ಅವುಗಳಲ್ಲಿ ಅನೇಕವು ದೂರದ ಕಂಪನಿಯ ಸೇವೆಯನ್ನು ಅವಲಂಬಿಸಿರುತ್ತವೆ. ಇಂಟರ್ನೆಟ್ಟು ಸತ್ತ ರಾತ್ರಿ ಫ್ಯಾನಿನ ವೇಗವೂ ನಮ್ಮ ಕೈತಪ್ಪುವುದಾದರೆ ಅದು ಸೌಕರ್ಯವೆನಿಸದು. ಫೋನಿನ ತುದಿಯಲ್ಲಿ ಸಿಕ್ಕಿಸುವ ಬೆರಳುಗಾತ್ರದ ತುಂಡುಗಳೂ ಉಂಟು; ಕೆಲಸ ಮಾಡುತ್ತವೆ; ಆದರೆ ರಿಮೋಟನ್ನೇ ಕಳೆಯುವ ಮನೆಯಲ್ಲಿ ಅವು ಎಷ್ಟು ದಿನ ಉಳಿದಾವು?

ಹಾಗಾದರೆ ಮಗನ ಪಕ್ಷವೇ ಗೆದ್ದಿತೆ? ಅವಸರ ಬೇಡ. ಫೋನಿನ ರಿಮೋಟಿಗೆ ಎರಡು ನ್ಯೂನತೆಗಳು ಮುಖ್ಯವಾಗಿವೆ. ಇಂತಹ ಫೋನುಗಳಲ್ಲಿ ಹೆಚ್ಚಿನವು ಕಿರಣವನ್ನು ಬಿಡಬಲ್ಲವೇ ಹೊರತು ಹಳೆಯ ರಿಮೋಟಿನಿಂದ ಸಂಕೇತವನ್ನು ಕೇಳಿ ಕಲಿಯಲಾರವು. ನಿಮ್ಮ ಸಾಮಾನಿನ ಹೆಸರು ಅದರ ಪಟ್ಟಿಯಲ್ಲಿದ್ದರೆ ಸರಿ. ಊರಿನ ಅಂಗಡಿಯಲ್ಲಿ ಕೊಂಡ, ಹೆಸರು ಕೇಳದ ಕಂಪನಿಯ ಫ್ಯಾನಾದರೆ ಅದು ಪಟ್ಟಿಯಲ್ಲಿ ಇಲ್ಲದಿರಬಹುದು.

ಎರಡನೆಯದು ಏ.ಸಿ.ಗೆ ಸಂಬಂಧಿಸಿದ್ದು, ಇದನ್ನು ಗೃಹಿಣಿಯರು ಗಮನಿಸಬೇಕು. ಟಿ.ವಿ.ಯ ರಿಮೋಟು "ದನಿಯನ್ನು ಒಂದು ಮೆಟ್ಟಲು ಏರಿಸು" ಎಂದಷ್ಟೇ ಹೇಳುತ್ತದೆ. ಏ.ಸಿ.ಯ ರಿಮೋಟು ಸಾಮಾನ್ಯವಾಗಿ ಹಾಗಲ್ಲ; ಒಂದು ಗುಂಡಿ ಒತ್ತಿದರೂ "ಇಷ್ಟು ಡಿಗ್ರಿ, ಇಂತಹ ಗಾಳಿ, ಇಂತಹ ರೀತಿ" ಎಂದು ಪೂರ್ಣ ಚಿತ್ರವನ್ನೇ ಕಳುಹಿಸುತ್ತದೆ. ಆ ಚಿತ್ರವಿರುವುದು ರಿಮೋಟಿನ ನೆನಪಿನಲ್ಲಿ, ಏ.ಸಿ.ಯು ತಿರುಗಿ ಏನನ್ನೂ ಹೇಳುವುದಿಲ್ಲ. ಹೀಗಿರಲು, ನೀವು ಫೋನಿನಿಂದ 26ಕ್ಕೆ ಇಟ್ಟಿರಿ ಎನ್ನೋಣ. ಹಳೆಯ ರಿಮೋಟಿನ ಮುಖದಲ್ಲಿ ಹಿಂದಿನ ದಿನದ 18 ನಿಂತಿದೆ. ರಾತ್ರಿ ಹಿರಿಯರು ಚಳಿಯಾಗಿ, ಒಂದು ಡಿಗ್ರಿ ಏರಲೆಂದು ಅದನ್ನು ಒತ್ತುತ್ತಾರೆ. ಏ.ಸಿ.ಗೆ ಹೋಗುವ ಆಜ್ಞೆ 27 ಅಲ್ಲ, 19! ಮಲಗಿದ ಮಗುವಿಗೆ ಬೆಳಗಾಗುವುದರೊಳಗೆ ನೆಗಡಿ. ಕಾರಣವು ಯಾರಿಗೂ ತಿಳಿಯದು. ಆದಕಾರಣ ಒಂದು ಏ.ಸಿ.ಗೆ ಒಂದೇ ರಿಮೋಟನ್ನು ಬಳಸಿರಿ. ಅಥವಾ ಒತ್ತುವ ಮುನ್ನ ಅದರ ಮುಖದ ಅಂಕಿಯನ್ನು ನೋಡಿಕೊಳ್ಳುವ ಅಭ್ಯಾಸವಿರಲಿ.

ಇದಲ್ಲದೆ ಸಣ್ಣ ತೊಂದರೆಗಳೂ ಉಂಟು. ರಬ್ಬರಿನ ಗುಂಡಿಯನ್ನು ಕತ್ತಲಲ್ಲಿ ಬೆರಳಿನಿಂದಲೇ ಗುರುತಿಸಬಹುದು. ಫೋನಿನ ನುಣುಪು ಗಾಜಿನಲ್ಲಿ ಅದು ಆಗದು. ದೃಷ್ಟಿ ಮಂದವಾದವರಿಗೆ ಇದು ಸಣ್ಣ ಮಾತಲ್ಲ. ಫೋನನ್ನು ತೆರೆದು, ಬೀಗ ಬಿಡಿಸಿ, ಚಿತ್ರವನ್ನು ಹುಡುಕಿ ಒತ್ತುವಷ್ಟರಲ್ಲಿ ಬೀಸಣಿಗೆಯಿಂದ ನಾಲ್ಕು ಸಲ ಬೀಸಿಕೊಳ್ಳಬಹುದು. ರಿಮೋಟಿನ ಹೆಸರಿನಲ್ಲಿ ಬರುವ ಕೆಲವು ಆ್ಯಪ್‌ಗಳು ನಡುನಡುವೆ ಜಾಹಿರಾತನ್ನು ತೋರಿಸುತ್ತವೆ. ಅವಕೆಂಪು ಕಿರಣವನ್ನು ಬಿಡುವುದಕ್ಕೆ ನಿಮ್ಮ ಬಂಧುಗಳ ದೂರವಾಣಿ ಪಟ್ಟಿಯಾಗಲಿ, ನಿಮ್ಮ ಮಾತನ್ನು ಆಲಿಸುವ ಅಧಿಕಾರವಾಗಲಿ ಬೇಕಾಗಿಲ್ಲ. ಅವನ್ನು ಕೇಳುವ ಆ್ಯಪ್‌ಗೆ ಬಾಗಿಲು ತೋರಿಸಿರಿ.

ನಿಜವಾಗಿ ನಮ್ಮ ಸಿಟ್ಟು ಇರುವುದು ಫೋನಿನ ಮೇಲಲ್ಲ. ಸಾಮಾನಿನ ಮೈಮೇಲೆ ಒಂದೂ ಗುಂಡಿಯನ್ನಿಡದೆ, ಗೋಡೆಯ ರೆಗ್ಯುಲೇಟರನ್ನೂ ಕೀಳಿಸಿ, ಎಲ್ಲವನ್ನೂ ಒಂದು ಅಂಗೈಯಗಲದ ಪ್ಲಾಸ್ಟಿಕ್ಕಿಗೆ ಒಪ್ಪಿಸುವವರ ಮೇಲೆ. ಗೋಡೆಯಲ್ಲಿ ತಿರುಗಣೆಯನ್ನೂ ಜೊತೆಗೆ ಕೊಡುವ ಅಥವಾ ಸ್ವಿಚ್ಚನ್ನೇ ಹಾಕಿ ತೆಗೆದು ವೇಗವನ್ನು ಬದಲಿಸಬಹುದಾದ ಫ್ಯಾನುಗಳೂ ಪೇಟೆಯಲ್ಲಿವೆ. ಕೊಳ್ಳುವಾಗ ಬಣ್ಣವನ್ನು ಕೇಳುವ ಮೊದಲು ಇದನ್ನು ಕೇಳಬೇಕಾಗಿತ್ತು, ನಾವು ಕೇಳಲಿಲ್ಲ.

ತುಮಕೂರಿನ ಸೋದರಿಗೆ ನಮ್ಮ ಉತ್ತರ ಇಷ್ಟೆ. ಎರಡು ಫೋನುಗಳು ಬೆಲೆಯಲ್ಲಿಯೂ ಗುಣದಲ್ಲಿಯೂ ಸಮವಾಗಿದ್ದರೆ, ಅವಕೆಂಪು ಇರುವುದನ್ನೇ ಕೊಳ್ಳಿರಿ. ಅದಕ್ಕಾಗಿಯೇ ಹೆಚ್ಚು ಹಣ ತೆರಬೇಡಿರಿ. ಅದು ಮನೆಯ ಎರಡನೆಯ ಬೀಗದ ಕೈ. ಹಳೆಯ ರಿಮೋಟುಗಳಲ್ಲಿ ಒಂದನ್ನೂ ಎಸೆಯಕೂಡದು. ನಿಮ್ಮ ಅತ್ತೆಯವರ ಕೋಣೆಯದನ್ನಂತೂ ಕೂಡದೇ ಕೂಡದು. ಫೋನು ಮಗನ ಸಂಗಡ ಕಾಲೇಜಿಗೆ ಹೋಗುತ್ತದೆ, ಅತ್ತೆಯವರು ಮನೆಯಲ್ಲಿರುತ್ತಾರೆ. ರಿಮೋಟು ಕೆಲಸ ಮಾಡದಿದ್ದರೆ, ಕೆಟ್ಟಿದೆಯೆಂದು ತೀರ್ಮಾನಿಸುವ ಮುನ್ನ ಅದರ ದೀಪವನ್ನು ಫೋನಿನ ಕ್ಯಾಮರಾಕ್ಕೆ ತೋರಿಸಿ ಗುಂಡಿ ಒತ್ತಿರಿ. ಕಣ್ಣಿಗೆ ಕಾಣದ ಬೆಳಕು ಫೋನಿನ ಪರದೆಯಲ್ಲಿ ನಸುನೇರಳೆಯಾಗಿ ಮಿಣುಕುವುದು. ಹಿಂದಿನ ಕ್ಯಾಮರಾದಲ್ಲಿ ಕಾಣದಿದ್ದರೆ ಮುಂದಿನದರಲ್ಲಿ ನೋಡಿರಿ. ಮಿಣುಕದಿದ್ದರೆ ಮೊದಲು ಬ್ಯಾಟರಿಯನ್ನು ಬದಲಿಸಿರಿ. ಈ ಪರೀಕ್ಷೆಗೆ ಅವಕೆಂಪು ದೀಪವಿಲ್ಲದ ಫೋನಾದರೂ ಸಾಕು, ಯಜಮಾನರಿಗೂ ಸಮಾಧಾನವಾದೀತು.

ನಮ್ಮ ಅತ್ತೆಯವರಿಗೆ ಮುನ್ನೂರು ಚಿಲ್ಲರೆ ರೂಪಾಯಿ ಕೊಟ್ಟು ಬೇರೆ ರಿಮೋಟನ್ನು ತರಿಸಿದೆವು. ಅವರು ಹಳೆಯ ಸೀರೆಯ ಅಂಚನ್ನು ಹರಿದು, ಅದನ್ನು ಮಂಚದ ಕಾಲಿಗೆ ಕಟ್ಟಿಕೊಂಡಿದ್ದಾರೆ. ಕಳೆದುಹೋದದ್ದು ನವರಾತ್ರಿಯಲ್ಲಿ ಬೊಂಬೆಗಳ ಪೆಟ್ಟಿಗೆಯನ್ನು ಇಳಿಸಿದಾಗ, ಪಟ್ಟದ ಬೊಂಬೆಗೆ ಸುತ್ತಿದ್ದ ಹಳೆಯ ಪಂಚೆಯೊಳಗೆ ಸಿಕ್ಕಿತು. ಬೇಸಗೆಯಲ್ಲಿ ಆ ಪೆಟ್ಟಿಗೆಯನ್ನು ತೆರೆದವರು ಯಾರೆಂದು ಕೇಳಿದರೆ ಮನೆಯಲ್ಲಿ ಈವರೆಗೆ ಯಾರೂ ಬಾಯಿ ಬಿಟ್ಟಿಲ್ಲ.