ಗಾಳಿಯಲ್ಲೂ ಒತ್ತುವರಿ

‘ವಾಟ್ಸಾಪ್ ಇರುವಾಗ ನಿಮ್ಮ ಹ್ಯಾಮ್ ರೇಡಿಯೊ ಯಾರಿಗೆ ಬೇಕು?’ ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. 2004ರ ಡಿಸೆಂಬರ್ 26ರಂದು ಸುನಾಮಿ ಬಡಿದಾಗ ಪೋರ್ಟ್‌ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತವರ ಜೊತೆಗಾರರು, ಹವ್ಯಾಸಕ್ಕೆಂದು ಒಯ್ದಿದ್ದ ರೇಡಿಯೊದಿಂದಲೇ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದರು. ಅಷ್ಟು ಸಾಕು. ಈ ಸಲ ನನ್ನ ತಕರಾರು ಹೊರಗಿನವರ ಮೇಲಲ್ಲ, ನಮ್ಮವರ ಮೇಲೆ.

ಹ್ಯಾಮ್ ಎಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆದು, ಸ್ವಂತ ಖರ್ಚಿನ ರೇಡಿಯೊದಲ್ಲಿ ಒಬ್ಬರಿಗೊಬ್ಬರು ಮಾತಾಡುವ ಜನ ನಾವು. ನಮಗೆಂದು ಬಿಟ್ಟಿರುವ ಕಂಪನಾಂಕಗಳ ತುಂಡುಗಳಿಗೆ ಬ್ಯಾಂಡ್ ಎನ್ನುತ್ತಾರೆ. ಊರ ಗೋಮಾಳ ಇದ್ದ ಹಾಗೆ: ಯಾರೊಬ್ಬರ ಹೆಸರಿನ ಪಹಣಿಯೂ ಇಲ್ಲ, ಎಲ್ಲರಿಗೂ ಹಕ್ಕಿದೆ. ಗೋಮಾಳಕ್ಕೆ ಏನಾಗುತ್ತದೋ ಇದಕ್ಕೂ ಅದೇ ಆಗುತ್ತದೆ.

7000ದಿಂದ 7200 ಕಿಲೋಹರ್ಟ್ಸ್‌ವರೆಗಿನ 40 ಮೀಟರ್ ಬ್ಯಾಂಡನ್ನೇ ನೋಡಿ. ಬೆಳಗ್ಗೆ ಅಲ್ಲಿ ದಕ್ಷಿಣ ಭಾರತದ ಗೆಳೆಯರ ಹರಟೆ. ಕತ್ತಲಾದಂತೆ ಹತ್ತಿರದವರು ಮರೆಯಾಗಿ ಅರಬ್ಬಿ ಸಮುದ್ರದಾಚೆಯ ದನಿಗಳು ಏಳುತ್ತವೆ. ಎರಿಟ್ರಿಯಾದ ಸರ್ಕಾರಿ ರೇಡಿಯೊ ವರ್ಷಗಟ್ಟಲೆ 7140, 7180ರ ಆಸುಪಾಸಿನಲ್ಲಿ ಬಂದು ಕೂತಿತ್ತು. ಅದನ್ನು ಅಡಗಿಸಲು ನೆರೆಯ ಇಥಿಯೋಪಿಯಾ ಅದರ ಮೇಲೆ ಬರೀ ಸದ್ದನ್ನು ಸುರಿಯುತ್ತಿತ್ತು. ಸದ್ದು ಪ್ರಸಾರಕ್ಕಿಂತ ಅಗಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರಲ್ಲ, ಆ ಕೂಸು ನಾವು.

ಅದಕ್ಕೆ ನಮ್ಮವರು ಮಾಡಿದ್ದೇನು? ಆ ಕೇಂದ್ರದ ಮೇಲೆಯೇ ಮೈಕ್ ಹಿಡಿದು ಸೀಟಿ ಹೊಡೆಯುವುದು, ಸುಮ್ಮನೆ ಕ್ಯಾರಿಯರ್ ಬಿಟ್ಟು ಕೂರುವುದು, ಕ್ಲಬ್ಬಿನಲ್ಲಿ ಚಹಾ ಕುಡಿಯುತ್ತಾ ಆಫ್ರಿಕದವರನ್ನೆಲ್ಲ ಒಟ್ಟಾಗಿ ಬೈಯುವುದು. ನಾನೂ ಒಂದು ರಾತ್ರಿ ಹತ್ತು ನಿಮಿಷ ಸೀಟಿ ಹೊಡೆದಿದ್ದೇನೆ, ಸುಳ್ಳೇಕೆ? ನನ್ನದು ನೂರು ವಾಟ್, ಪ್ರಸಾರ ಕೇಂದ್ರಗಳದ್ದು ಸಾವಿರ, ಲಕ್ಷಗಳ ಲೆಕ್ಕ. ಅಲ್ಲಿಯ ಶ್ರೋತೃವಿಗೆ ನನ್ನ ಸೀಟಿ ಕೇಳಿರಲಿಕ್ಕಿಲ್ಲ. ಕೇಳಿದ್ದು ಪಕ್ಕದಲ್ಲಿ ಮಾತಾಡುತ್ತಿದ್ದ ಇಬ್ಬರು ಹ್ಯಾಮ್‌ಗಳಿಗೆ. ಬೇಕೆಂದೇ ಅಡ್ಡಿ ಮಾಡುವುದನ್ನು ನಿಷೇಧಿಸುವ ನಿಯಮವನ್ನು ಇನ್ನೊಬ್ಬರಿಗೆ ಓದಿ ಹೇಳುವ ಹಕ್ಕನ್ನು ಆ ಹತ್ತು ನಿಮಿಷದಲ್ಲಿ ಕಳೆದುಕೊಂಡೆ.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಲೈಸೆನ್ಸ್ ಸಿಕ್ಕ ಹೊಸತರಲ್ಲಿ 14240 ಕಿಲೋಹರ್ಟ್ಸ್‌ನಲ್ಲಿ ಯಾವುದೋ ಕೇಂದ್ರದ ಸಂಗೀತ ಕೇಳಿ ಊರೆಲ್ಲ ಡಂಗುರ ಸಾರಿದ್ದೆ. ಹಿರಿಯರೊಬ್ಬರು ಮನೆಗೆ ಬಂದು ನನ್ನ ರಿಸೀವರ್ ನೋಡಿ, ‘ಅದಕ್ಕೆ 910 ಕೂಡ್ಸಿ ನೋಡು ಮಾರಾಯ’ ಎಂದರು. 15150. ಅಲ್ಲಿ ಅದೇ ಹಾಡು, ಇನ್ನೂ ಜೋರಾಗಿ. ಅದು 19 ಮೀಟರಿನ ಪ್ರಸಾರ ಬ್ಯಾಂಡ್. ಆ ಕೇಂದ್ರ ತನ್ನ ಜಾಗದಲ್ಲೇ ಇತ್ತು. ಅಗ್ಗದ ರಿಸೀವರುಗಳು ಬಂದ ಸಿಗ್ನಲನ್ನು ಒಳಗೆ 455 ಕಿಲೋಹರ್ಟ್ಸ್‌ಗೆ ಇಳಿಸಿಕೊಳ್ಳುತ್ತವೆ. ಅದರ ಇಮ್ಮಡಿ ದೂರದಲ್ಲಿರುವ ಇನ್ನೊಂದು ಸಿಗ್ನಲ್ ಕೂಡ ಅದೇ 455ಕ್ಕೇ ಇಳಿಯುತ್ತದೆ. ಎರಡನ್ನು ಬೇರ್ಪಡಿಸುವ ಫಿಲ್ಟರ್ ಬಡವಾಗಿದ್ದರೆ ಅಮಾಯಕನೂ ಒತ್ತುವರಿದಾರನಾಗುತ್ತಾನೆ.

ಬೆಂಗಳೂರಿನವರಿಗೆ ಇನ್ನೊಂದು ಬಲೆ ಇದೆ. ಆಕಾಶವಾಣಿಯ ಮಧ್ಯಮ ತರಂಗ 612ರಲ್ಲಿದೆ. ಅದರ ಮೂರು ಪಟ್ಟು 1836, ಅಂದರೆ 160 ಮೀಟರ್ ಬ್ಯಾಂಡಿನ ಒಳಗೆ. ಅಲ್ಲಿ ಆಕಾಶವಾಣಿ ಕೇಳಿದರೆ ತಕ್ಷಣ ಆಕಾಶವಾಣಿಗೆ ದೂರು ಬರೆಯಬೇಡಿ. ಆಂಟೆನಾಕ್ಕೂ ರಿಸೀವರಿಗೂ ನಡುವೆ 10 ಡೆಸಿಬೆಲ್ ಅಟೆನ್ಯೂಯೇಟರ್ ಹಾಕಿ. ಸದ್ದು ಹತ್ತೇ ಡೆಸಿಬೆಲ್ ತಗ್ಗಿದರೆ ಅದು ಹೊರಗಿಂದಲೇ ಬರುತ್ತಿದೆ. ಮೂವತ್ತರಷ್ಟು ಕುಸಿದರೆ ಅದು ಹುಟ್ಟುತ್ತಿರುವುದು ನಿಮ್ಮ ಪೆಟ್ಟಿಗೆಯೊಳಗೆ. ಜೋರಾದ ಸಿಗ್ನಲ್ ತಾಳಲಾರದೆ ರಿಸೀವರೇ ಅದನ್ನು ಸೃಷ್ಟಿಸುತ್ತಿದೆ. ಔಷಧ ನಾಲ್ಕಾರು ಕಾಯಿಲ್, ಕೆಪಾಸಿಟರುಗಳ ಒಂದು ಹೈಪಾಸ್ ಫಿಲ್ಟರ್. ಶನಿವಾರ ಮಧ್ಯಾಹ್ನದ ಕೆಲಸ. (14240ರ ಭೂತ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಅದಕ್ಕೆ 910ರ ಲೆಕ್ಕವೇ ಬೇಕು.)

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಉಳಿಯುವವನು ನಿಜವಾದ ಒತ್ತುವರಿದಾರ. ಅವನಿಗೆ ಮದ್ದು ಲಾಗ್ ಪುಸ್ತಕ. ದಿನಾಂಕ, ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದ ಜಾಗತಿಕ ಸಮಯ, ಕಂಪನಾಂಕ, ಭಾಷೆ, ಕೇಂದ್ರ ಹೇಳಿಕೊಂಡ ಹೆಸರು, ಸಾಧ್ಯವಾದರೆ ದಿಕ್ಕು. ಹ್ಯಾಮ್‌ಗಳ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಇಂಥ ವರದಿಗಳನ್ನು ಕಲೆಹಾಕುವ ನಿಗಾ ವ್ಯವಸ್ಥೆಯೇ ಇದೆ. ಜರ್ಮನಿಯ ದೂರಸಂಪರ್ಕ ಇಲಾಖೆ ಅಲ್ಲಿಯ ಹವ್ಯಾಸಿಗಳ ವರದಿ ಹಿಡಿದು ಬೇರೆ ದೇಶಗಳಿಗೆ ಅಧಿಕೃತ ದೂರು ಕಳಿಸುತ್ತದೆ. ನಮ್ಮಲ್ಲೂ ಕೇಂದ್ರದ ಡಬ್ಲ್ಯುಪಿಸಿ ಇದೆ, ಅದರ ಕೈಕೆಳಗೆ ಕೇಳುವುದೇ ಕಸುಬಾದ ಮಾನಿಟರಿಂಗ್ ಸಂಸ್ಥೆ ಇದೆ. ನಾವು ಕೊಟ್ಟರೆ ತಾನೆ?

‘ಕೊಟ್ಟರೆ ಏನು ಕಿತ್ತುಹೋಗುತ್ತೆ? ಐಟಿಯುಗೆ ಪೊಲೀಸರಿಲ್ಲ’ ಅನ್ನುತ್ತಾರೆ. ನಿಜ, ಇಲ್ಲ. ಆದರೆ 1938ರ ಕೈರೋ ಸಮ್ಮೇಳನದಲ್ಲಿ, ಅಮೆರಿಕ ಖಂಡಗಳ ಹೊರಗೆ ಪ್ರಸಾರ ಕೇಂದ್ರಗಳು ಈ ಬ್ಯಾಂಡಿಗೆ ಕಾಲಿಟ್ಟವು. ಮುಂದೆ ನಮ್ಮ ಭಾಗದಲ್ಲಿ ಹ್ಯಾಮ್‌ಗಳಿಗೆ ಉಳಿದದ್ದು 7100ರವರೆಗೆ ಮಾತ್ರ. ಸಮ್ಮೇಳನದಿಂದ ಸಮ್ಮೇಳನಕ್ಕೆ ಕಾಗದ ಹೊತ್ತು ಅಲೆದವರ ದೆಸೆಯಿಂದ 2003ರಲ್ಲಿ ಜಿನೀವಾದಲ್ಲಿ ತೀರ್ಮಾನವಾಯಿತು, 2009ರ ಮಾರ್ಚ್ 29ರಂದು ಪ್ರಸಾರ ಕೇಂದ್ರಗಳು 7200ರ ಮೇಲಕ್ಕೆ ಸರಿಯಬೇಕಾಯಿತು. ಬಹುಪಾಲು ಸರಿದವು ಕೂಡ. ಸೀಟಿ ಹೊಡೆದು ಪಡೆದ ನೂರು ಕಿಲೋಹರ್ಟ್ಸ್ ಅಲ್ಲ ಅದು.

ಸರಿಯದವರಲ್ಲಿ ಒಬ್ಬರ ಬಗ್ಗೆ ಮಾತ್ರ ನನ್ನ ದನಿ ತಗ್ಗುತ್ತದೆ. ರೇಡಿಯೊ ಹರ್ಗೇಸಾ ಹಲವು ವರ್ಷ 7120ರಲ್ಲಿ ಕೇಳಿಬಂದಿದೆ. ಅದು 1991ರಲ್ಲಿ ಸೊಮಾಲಿಯಾದಿಂದ ಬೇರೆಯಾದೆನೆಂದು ಘೋಷಿಸಿಕೊಂಡ ಸೊಮಾಲಿಲ್ಯಾಂಡಿನ ಕೇಂದ್ರ. ಆ ನಾಡು ವಿಶ್ವಸಂಸ್ಥೆಯ ಸದಸ್ಯನಲ್ಲ. ದೂರು ಹೋಗಬೇಕಾದದ್ದು ಮೊಗದಿಶುವಿಗೆ, ಮೊಗದಿಶುವಿನ ಮಾತು ಹರ್ಗೇಸಾದಲ್ಲಿ ನಡೆಯುವುದಿಲ್ಲ. ಒಂಟೆ ಮೇಯಿಸುವವನಿಗೆ ಸುದ್ದಿ ಮುಟ್ಟಿಸುವ ರೇಡಿಯೊವನ್ನು ನನ್ನ ಸಂಜೆಯ ಹರಟೆಗಾಗಿ ಮುಚ್ಚಿ ಅನ್ನಲು ನಾಲಿಗೆ ಏಳದು. ಆದರೆ ಮುಚ್ಚಬೇಕಿಲ್ಲವಲ್ಲ, ಎಂಬತ್ತು ಕಿಲೋಹರ್ಟ್ಸ್ ಮೇಲೆ ಹೋದರೆ ಸಾಕು. 7200ರಿಂದ 7450ರವರೆಗೆ ಪ್ರಸಾರಕ್ಕೆಂದೇ ಇರುವ ಜಾಗ. ಅದರಲ್ಲಿ ಸಂಜೆ ಹೊತ್ತು ಯಾವುದು ಖಾಲಿ ಇರುತ್ತದೆ ಎಂದು ಒಂದು ತಿಂಗಳು ಕೇಳಿ, ಪಟ್ಟಿ ಮಾಡಿ, ನೇರವಾಗಿ ಆ ಕೇಂದ್ರದ ಎಂಜಿನಿಯರಿಗೇ ಕಳಿಸೋಣ ಎಂದು ನಮ್ಮ ಕ್ಲಬ್ಬಿನಲ್ಲಿ ಸೂಚಿಸಿದೆ. ಕಾಗದಕ್ಕೆ ಸಹಿ ಹಾಕಲು ಹನ್ನೊಂದು ಜನ ಕೈಯೆತ್ತಿದರು. ಮೂರು ತಿಂಗಳಾಯಿತು, ಕೇಳಿ ಬರೆದ ಲಾಗ್ ತಂದವರು ಇಬ್ಬರು.