ಬೂಷ್ಟು ಕೊಡುವ ಬಣ್ಣ

ಕಳೆದ ಹಬ್ಬಕ್ಕೆಂದು ಮೊಮ್ಮಗಳಿಗೆ ತಂದ ಕೆಂಪು ಲಂಗವನ್ನು ಮೊದಲ ಸಲ ಒಗೆಯಲು ಹಾಕಿದಾಗ ಬಕೆಟ್ಟಿನ ನೀರೆಲ್ಲ ಕುಂಕುಮ ಕಲಸಿದಂತಾಯಿತು. "ಅಜ್ಜಿ, ಈ ಬಣ್ಣ ಎಲ್ಲಿಗೆ ಹೋಗುತ್ತದೆ?" ಎಂದು ಮಗು ಕೇಳಿತು. ಬೆಳ್ಳಂದೂರಿನಲ್ಲಿ ವಾಸಿಸುವವರು ಇದಕ್ಕೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಒಂದು ಕಾಲಕ್ಕೆ ಹೊಲಗದ್ದೆಗಳಿಗೆ ನೀರುಣಿಸಿದ ಇಲ್ಲಿಯ ಕೆರೆ, ನಗರದ ಕೊಳಚೆಯನ್ನೂ ಸೋಪಿನ ನೊರೆಯನ್ನೂ ಹೊತ್ತು, 2015ರಲ್ಲಿಯೂ ಮತ್ತೆ 2018ರ ಜನವರಿಯಲ್ಲಿಯೂ ಬೆಂಕಿ ಹೊತ್ತಿ ಉರಿದುದನ್ನು ನಾಡೇ ಕಂಡಿತು. ಅದಕ್ಕೆ ಬಟ್ಟೆಯ ಬಣ್ಣವೇ ಕಾರಣವೆನ್ನಲಾಗದು. ಆದರೆ ಮನೆಯ ಬಚ್ಚಲಿನಿಂದ ಹೊರಟದ್ದು ಯಾವುದೂ ಮಾಯವಾಗುವುದಿಲ್ಲವೆಂಬ ಪಾಠವನ್ನು ಆ ಕೆರೆ ಕಲಿಸಿದೆ.

ನಮ್ಮ ಹಿರಿಯರು ಮಂಜಿಷ್ಠ, ನೀಲಿ, ದಾಳಿಂಬೆ ಸಿಪ್ಪೆ, ಅಳಲೆಕಾಯಿಗಳಿಂದ ನೂಲಿಗೆ ಬಣ್ಣ ಕಟ್ಟುತ್ತಿದ್ದರು. 1856ರಲ್ಲಿ ಹದಿನೆಂಟು ವರ್ಷದ ಇಂಗ್ಲಿಷ್ ತರುಣ ವಿಲಿಯಂ ಪರ್ಕಿನ್, ಮಲೇರಿಯಾ ಜ್ವರದ ಔಷಧವಾದ ಕ್ವಿನೈನನ್ನು ತಯಾರಿಸಲು ಹೊರಟು ಆಕಸ್ಮಿಕವಾಗಿ ನೇರಳೆ ಬಣ್ಣವೊಂದನ್ನು ಕಂಡುಹಿಡಿದನು. ಅಂದಿನಿಂದ ರಾಸಾಯನಿಕ ಬಣ್ಣಗಳು ಅಗ್ಗವಾಗಿ, ಗಾಢವಾಗಿ ಮನೆಮನೆಗೆ ಬಂದವು. ಅವುಗಳಲ್ಲಿ ಕೆಲವು ಒಡೆದಾಗ ಕ್ಯಾನ್ಸರ್ ತರಬಲ್ಲ ವಸ್ತುಗಳಾಗುತ್ತವೆಂದು ತಿಳಿದ ಮೇಲೆ, 1990ರ ದಶಕದಲ್ಲಿ ಜರ್ಮನಿಯೂ ಭಾರತವೂ ಅಂಥ ಬಣ್ಣಗಳನ್ನು ನಿಷೇಧಿಸಿದವು.

ಇದಕ್ಕೆ ಬದಲಿಯನ್ನು ವಿಜ್ಞಾನಿಗಳು ಈಗ ಬೂಷ್ಟಿನಲ್ಲಿ, ಅಂದರೆ ಶಿಲೀಂಧ್ರದಲ್ಲಿ ಅರಸುತ್ತಿದ್ದಾರೆ. ಇದು ತೀರ ಹೊಸ ಮಾತಲ್ಲ. ಚೀನಾ ದೇಶದವರು ಶತಮಾನಗಳಿಂದ ಅನ್ನದ ಮೇಲೆ ಮೊನಾಸ್ಕಸ್ ಎಂಬ ಬೂಷ್ಟನ್ನು ಬೆಳೆಸಿ ಕೆಂಪಕ್ಕಿ ಮಾಡುತ್ತ ಬಂದಿದ್ದಾರೆ. ನೆನೆಸಿದ ಅಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಬೂಷ್ಟಿನ ಬೀಜಕಣಗಳನ್ನು ಬೆರೆಸಿ, ತೇವವೂ ಹದವಾದ ಬಿಸುಪೂ ಇರುವಲ್ಲಿ ಕೆಲವು ದಿನ ಇಟ್ಟರೆ ಕಾಳುಕಾಳೂ ಕೆಂಪೇರುತ್ತದೆ. ಇಡ್ಲಿಯ ಹಿಟ್ಟು ಹುದುಗುವುದನ್ನು ದಿನವೂ ಕಾಣುವ ನಮ್ಮ ತಾಯಂದಿರಿಗೆ ಇದು ಅರ್ಥವಾಗದ ವಿದ್ಯೆಯೇನಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿಯೂ ಈ ಬೂಷ್ಟಿನ ಅಧ್ಯಯನ ನಡೆದಿದೆ. ಅದು ನಮ್ಮ ರಾಗಿಯ ಮೇಲೂ ಬೆಳೆಯುತ್ತದೆ. ಗಿಡದ ಬಣ್ಣಕ್ಕೆ ಹೊಲ ಬೇಕು, ಋತು ಬರಬೇಕು. ಬೂಷ್ಟಿಗಾದರೋ ಪಾತ್ರೆಯೊಂದು, ನುಚ್ಚಕ್ಕಿಯಂಥ ಆಹಾರವೊಂದು ಇದ್ದರೆ ಸಾಕು. ರೇಷ್ಮೆ, ಉಣ್ಣೆಗಳು ಈ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತವೆ.

ಆದರೂ ನಿಸರ್ಗದ್ದೆಲ್ಲ ನಿರಪಾಯಕರವೆಂದು ಭ್ರಮಿಸಬಾರದು. ಮೊನಾಸ್ಕಸ್‌ನ ಕೆಲವು ತಳಿಗಳು ಸಿಟ್ರಿನಿನ್ ಎಂಬ ವಿಷವನ್ನೂ ಉತ್ಪಾದಿಸುತ್ತವೆ. ಅದು ಮೂತ್ರಪಿಂಡಕ್ಕೆ ಹಾನಿಕರ. ಆದ್ದರಿಂದ ವಿಷವಿಲ್ಲದ ತಳಿಯನ್ನು ಆಯ್ದು, ಪರೀಕ್ಷಿಸಿ ಬಳಸುವುದು ಪ್ರಯೋಗಾಲಯದ ಹೊಣೆ. ಅಡುಗೆಮನೆಯಲ್ಲಿ ಬೂಷ್ಟು ಹಿಡಿದ ಅನ್ನವನ್ನು ಚೆಲ್ಲಬೇಕೇ ಹೊರತು ಅದರಿಂದ ಬಣ್ಣ ತೆಗೆಯುವ ಸಾಹಸ ಸಲ್ಲದು. ಈ ಬಣ್ಣಗಳು ಬಿಸಿಲಿಗೆ ಬೇಗ ಮಾಸುವುದೂ ನಿಜ. ಅರಿವೆಗೆ ಬಣ್ಣ ಕಚ್ಚಿಸಲು ಬಳಸುವ ಲೋಹದ ಲವಣಗಳ ವಿಷಯದಲ್ಲಿಯೂ ಎಚ್ಚರ ಬೇಕು.

ಹಾಗಾದರೆ ಗೃಹಸ್ಥರಾದ ನಾವು ಮಾಡಬೇಕಾದುದೇನು? 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನೂ ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಎಂಬ ಬಟ್ಟೆಯ ಬಣ್ಣವನ್ನೂ ನಿಷೇಧಿಸಿತು. ಬಟ್ಟೆಗೆ ಹಾಕುವ ಬಣ್ಣ ಮಕ್ಕಳ ತಿಂಡಿಗೆ ಬಂದುದೇಕೆ? ನಮ್ಮ ಕಣ್ಣು ಕಣ್ಣುಕುಕ್ಕುವ ಕೆಂಪನ್ನೇ ಬಯಸಿತು, ಅದಕ್ಕಾಗಿ. ಶಿಲೀಂಧ್ರವಾಗಲಿ ಗಿಡವಾಗಲಿ ಕೊಡುವ ಬಣ್ಣ ತುಸು ಮಂಕು. ಆ ಮಂಕನ್ನು ಒಪ್ಪುವ ಮನಸ್ಸು ನಮ್ಮಲ್ಲಿ ಬೆಳೆಯದಿದ್ದರೆ ಯಾವ ಸಂಶೋಧನೆಯೂ ಅಂಗಡಿಯವರೆಗೆ ಬರಲಾರದು.

ಮುಂದಿನ ಹಬ್ಬಕ್ಕೆ ಲಂಗ ಕೊಳ್ಳುವಾಗ ಮೊಮ್ಮಗಳನ್ನೂ ಕರೆದೊಯ್ಯುವೆನು. ಬಣ್ಣ ಎಷ್ಟು ಚೆಂದವೆಂದು ಕೇಳುವ ಮೊದಲು, ಅದು ಎಲ್ಲಿಂದ ಬಂದಿತು, ಎಲ್ಲಿಗೆ ಹೋಗುತ್ತದೆ ಎಂದು ಅವಳೇ ಕೇಳಲಿ.